ನಾಲ್ಕೂವರೆ ಶ್ರುತಿಗೊಂದು ಸೂಜಿ

"ಮೇಡಂ, ಇದೊಂದೇ ಕಾಪಿ ಇರೋದು. ಏನಾದ್ರೂ ಆದ್ರೆ ಇನ್ನೊಂದಿಲ್ಲ," ಎಂದು ಆತ ರೆಕಾರ್ಡನ್ನು ಎದೆಗೆ ಒತ್ತಿ ಹಿಡಿದು ನಿಂತರು. ಕೊಡಲೆಂದೇ ಬಂದಿದ್ದರು. ಆದರೆ ಕೊಡಲು ಮನಸ್ಸು ಬರುತ್ತಿರಲಿಲ್ಲ.

ಜೆ.ಪಿ. ನಗರದಲ್ಲಿ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಹಳೆಯ ಟರ್ನ್‌ಟೇಬಲ್‌ಗಳನ್ನು ದುರಸ್ತಿ ಮಾಡುತ್ತೇನೆ. ದುರಸ್ತಿಗಿಂತ ಹೆಚ್ಚಾಗಿ, ರೆಕಾರ್ಡಿಗೂ ತೋಳಿಗೂ ಹೊಂದುವ ಕಾರ್ಟ್ರಿಜ್ ಆರಿಸಿ ಕೂರಿಸಿಕೊಡುವುದೇ ನನ್ನ ಕೆಲಸ. ತೋಳಿನ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಪೆಟ್ಟಿಗೆ ಇರುತ್ತದಲ್ಲ, ಅದೇ ಕಾರ್ಟ್ರಿಜ್. ಅದರ ಹೊಟ್ಟೆಯಡಿಯ ಸೂಜಿ ಗೀರಿನಲ್ಲಿ ಓಡುತ್ತ ನಡುಗುತ್ತದೆ. ಪೆಟ್ಟಿಗೆ ಆ ನಡುಕವನ್ನು ವಿದ್ಯುತ್ತಾಗಿಸಿ ತಂತಿಗೆ ಕೊಡುತ್ತದೆ. ಮಿಕ್ಕ ಯಂತ್ರವೆಲ್ಲ ಆ ಸೂಜಿ ನೆಮ್ಮದಿಯಾಗಿ ಓಡಲಿ ಎಂದು ಮಾಡಿದ ಏರ್ಪಾಡು.

ಬಂದವರಿಗೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಅಳತೆಯ ಟೇಪು. ರೆಕಾರ್ಡಿನಲ್ಲಿದ್ದದ್ದು ಅವರ ತಾಯಿಯ ಹಾಡು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಆಕೆಯನ್ನು ಪದ್ಮನಾಭನಗರದ ಅವರ ಬೀದಿಯಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಮದುವೆಗೆ ಮುಂಚೆ ಮದ್ರಾಸಿಗೆ ಹೋಗಿ ಎರಡು ವಚನ ಹಾಡಿ ಬಂದಿದ್ದರು. ಅದನ್ನು ಕೆಲವೇ ಪ್ರತಿ ಒತ್ತಿಸಿದ್ದರು. ತಿಂಡಿ ತಟ್ಟೆಯಷ್ಟು ಅಗಲದ, ನಿಮಿಷಕ್ಕೆ ನಲವತ್ತೈದು ಸುತ್ತಿನ ಚಿಕ್ಕ ರೆಕಾರ್ಡು. ಈಗ ಟೀಚರ್ ಗಂಟಲಿನಲ್ಲಿ ಧ್ವನಿಪೆಟ್ಟಿಗೆ ಇಲ್ಲ. ಮನೆಗೆ ಕ್ಯಾಮೆರಾ ಫೋನು ಬರುವ ಮೊದಲೇ ಕ್ಯಾನ್ಸರ್ ಬಂದು, ಆಪರೇಷನ್ನಿನಲ್ಲಿ ಅದನ್ನು ತೆಗೆದಿದ್ದರು. ಟಾರ್ಚಿನಂಥ ಪುಟ್ಟ ಯಂತ್ರವನ್ನು ಕತ್ತಿಗೆ ಒತ್ತಿ ತುಟಿ ಆಡಿಸಿದರೆ ಜೀರುಂಡೆಯಂತೆ, ಏರಿಳಿತವಿಲ್ಲದ ಮಾತು ಹೊರಡುತ್ತದೆ. ಇಷ್ಟು ವರ್ಷ ಅದರಲ್ಲೇ ಮನೆ ನಡೆಸಿದ್ದರು.

"ಈಗೊಂದು ಆಪ್ ಬಂದಿದೆ ಮೇಡಂ. ಹಳೇ ದನಿ ಒಂಚೂರು ಕೊಟ್ರೆ ಸಾಕು, ಅಮ್ಮ ಟೈಪ್ ಮಾಡಿದ್ದನ್ನ ಅಮ್ಮನ ದನೀಲೇ ಹೇಳತ್ತೆ. ಈ ಪ್ಲೇಟಲ್ಲಿ ಹಾಡಿಗೆ ಮುಂಚೆ ನಾಲ್ಕು ಮಾತಾಡಿದಾರೆ. ಇನ್ನೆಲ್ಲೂ ಅವ್ರ ದನಿ ಇಲ್ಲ. ಟೇಪ್ ರೆಕಾರ್ಡರ್ ಕಂಡ್ರೆ ಸಾಕು, ಎದ್ದು ಒಳಗೆ ಹೋಗ್ಬಿಡೋರು."

"ಯಾಕೆ?"

"ಗೊತ್ತಿಲ್ಲ. ನಾಚಿಕೆ ಅಂದ್ಕೊಂಡಿದ್ವಿ."

ನನ್ನ ಬಳಿ ಬರುವ ಮೊದಲೇ ಆತ ಒಂದು ಸ್ಟುಡಿಯೋಗೆ ರೆಕಾರ್ಡನ್ನು ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಸ್ಟುಡಿಯೋದವರು ಕರಕರ ಶಬ್ದವನ್ನೆಲ್ಲ ತೆಗೆದು ಹಾಕಿ ಕೊಟ್ಟ ದನಿಯನ್ನು ಆಪಿಗೆ ಉಣ್ಣಿಸಿ, ಒಂದು ಸಂಜೆ ತಾಯಿಯ ಮುಂದೆ ಫೋನು ಹಿಡಿದಿದ್ದರು. ಫೋನು "ಎಲ್ಲರೂ ಊಟಕ್ಕೆ ಬನ್ನಿ" ಎಂದಿತು. ಟೀಚರ್ ತಟ್ಟೆ ಸರಿಸಿ ಎದ್ದರು. ಯಂತ್ರವನ್ನು ಗಂಟಲಿಗಿಟ್ಟು "ನಾನಲ್ಲ" ಎಂದು ಒಂದೇ ಮಾತು ಹೇಳಿ ಕೋಣೆಗೆ ಹೋದರು. ಅವತ್ತಿನಿಂದ ಆ ಯಂತ್ರವನ್ನೂ ಮುಟ್ಟಿಲ್ಲ.

"ಮೊದ್ಲು ಆ ಜೀರ್ ಜೀರ್ ದನೀಲಾದ್ರೂ ನನ್ನ ಬೈತಿದ್ರು ಮೇಡಂ. ಈಗ ಅದೂ ಇಲ್ಲ. ಬರೀ ಕೈಸನ್ನೆ."

ಆ ಸ್ಟುಡಿಯೋದ ಫೈಲನ್ನು ಕೇಳಿದೆ. ತೆಳುವಾದ, ನುಣುಪಾದ, ಉಸಿರೇ ಇಲ್ಲದ ದನಿ. ನನಗೆ ಕಾರಣ ಆ ಕ್ಷಣವೇ ತಿಳಿದುಹೋಯಿತು ಅನಿಸಿತು: ಕೊಳೆ ತೊಳೆಯುವ ಭರದಲ್ಲಿ ದನಿಯನ್ನೂ ತೊಳೆದಿದ್ದಾರೆ. ಸರಿಯಾದ ಸೂಜಿಯಿಂದ ನುಡಿಸಿದರೆ ತೊಳೆಯುವ ಅಗತ್ಯವೇ ಬೀಳದು. "ಬಿಟ್ಟು ಹೋಗಿ, ನಾನು ಮಾಡ್ತೀನಿ," ಎಂದೆ. ಅಷ್ಟು ಧೈರ್ಯವಾಗಿ ಹೇಳಬಾರದಿತ್ತು.

ಮೊದಲು ಮೈಕ್ರೋಸ್ಕೋಪಿನಡಿ ನೋಡಿದೆ. ರೆಕಾರ್ಡಿನ ಗೀರು ಎಂದರೆ ಒಂದು ಕಣಿವೆ. ಎರಡು ಗೋಡೆ, ಕೆಳಗೆ ಚೂಪಾದ ತಳ. ಈ ರೆಕಾರ್ಡಿನ ಗೋಡೆಗಳು ಅಷ್ಟೇನೂ ಸವೆದಿರಲಿಲ್ಲ, ಆದರೆ ತಳದಲ್ಲಿ ಕೊಳೆ ಕಲ್ಲಾಗಿ ಕೂತಿತ್ತು. ಎರಡು ಸಲ ತೊಳೆದರೂ ಜಗ್ಗಲಿಲ್ಲ. ನಾನು ದಿನವೂ ಬಳಸುವ ಇಂದಿನ ಕಾಲದ ಸ್ಟೀರಿಯೋ ಕಾರ್ಟ್ರಿಜ್ಜಿನ ಸೂಜಿ ಬಹಳ ಸಣ್ಣದು. ಕಣಿವೆಯ ತಳದ ಹತ್ತಿರಕ್ಕೆ ಇಳಿದು ಆ ಕಲ್ಲುಗಳ ಮೇಲೆಯೇ ಓಡುತ್ತದೆ. ಮೇಲಾಗಿ, ಅಂದಿನ ಮೋನೋ ರೆಕಾರ್ಡಿನಲ್ಲಿ ಹಾಡು ಇರುವುದು ಸೂಜಿಯ ಅಡ್ಡ ಓಲಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಕುಪ್ಪಳಿಕೆಯನ್ನೂ ಓದುತ್ತದೆ. ಇಲ್ಲಿ ಅದೆಲ್ಲ ಬರೀ ಗದ್ದಲ. ಬೇಕಾದದ್ದು ಹಳೆಯ ರೀತಿಯ ಕಾರ್ಟ್ರಿಜ್: ದಪ್ಪ ಗುಂಡು ಮೊನೆಯದು, ಗೋಡೆಗಳ ಮೇಲ್ಭಾಗದಲ್ಲಿ ಕೂತು ಓಡುವಂಥದ್ದು, ಅಡ್ಡ ಓಲಾಟವನ್ನಷ್ಟೇ ಕೇಳಿಸಿಕೊಳ್ಳುವಂಥದ್ದು.

ಬಿಟಿಎಂ ಲೇಔಟಿನಲ್ಲಿ, ಪಿ.ಜಿ.ಗಳ ನಡುವಿನ ಒಂದು ಫ್ಲಾಟಿನಲ್ಲಿ, ನನ್ನ ಪರಿಚಯದ ಸಂಗ್ರಾಹಕರೊಬ್ಬರಿದ್ದಾರೆ. ಅವರ ಬಳಿ ಆ ಕಾಲದ್ದೇ ಆದ ಮೋನೋ ಕಾರ್ಟ್ರಿಜ್ ಒಂದಿತ್ತು. ಡಬ್ಬಿ ಒಡೆಯದೆ ಇಟ್ಟದ್ದು.

"ಒರಿಜಿನಲ್ ಗುರು, ಹೊಸದರ ಥರ ಇದೆ. ಸಖತ್ ಮಾಲು," ಎಂದರು.

ಹೊಸದರ ಥರ ಇತ್ತು ನಿಜ, ಹೊಸದಾಗಿರಲಿಲ್ಲ. ಸೂಜಿಯ ಕಡ್ಡಿಯನ್ನು ಹಿಡಿದಿರುವ ರಬ್ಬರಿನ ಚೂರು ಡಬ್ಬಿಯೊಳಗೆ ಕೂತೇ ಮುದಿಯಾಗುತ್ತದೆ. ಟೀಚರ್ ರೆಕಾರ್ಡಿನ ಮೇಲೆ ಇಡುವ ಮೊದಲು, ನನ್ನ ಬಳಿ ಇದ್ದ ಹಾಳುಬಿದ್ದ ಚಿಕ್ಕ ರೆಕಾರ್ಡೊಂದರ ಮೇಲೆ ಪರೀಕ್ಷೆ ಮಾಡಿದೆ. ದನಿ ಬಂತು, ಗಟ್ಟಿಯಾಗಿಯೇ ಬಂತು. ಮುಗಿದ ಮೇಲೆ ದೀಪ ಓರೆ ಹಿಡಿದು ನೋಡಿದರೆ ಸೂಜಿ ಓಡಿದ ದಾರಿಯುದ್ದಕ್ಕೂ ಬೂದು ಬಣ್ಣದ ಸಣ್ಣ ಪುಡಿ. ಗಟ್ಟಿಯಾದ ರಬ್ಬರು ಸೂಜಿಯನ್ನು ಓಲಾಡಲು ಬಿಡದೆ, ಅದು ಉಳಿಯಂತೆ ಗೋಡೆಯನ್ನು ಕೆತ್ತಿತ್ತು. ಅದನ್ನು ಬಟ್ಟೆಯಿಂದ ಒರೆಸಿದೆ, ಮತ್ತೆ ನೋಡಿದೆ, ಕೋಣೆಯಲ್ಲಿ ಸುಮ್ಮನೆ ನಾಲ್ಕು ಸುತ್ತು ಹಾಕಿದೆ. ಒರಿಜಿನಲ್ ಎಂಬ ಒಂದು ಪದಕ್ಕೆ ಮರುಳಾಗಿ ಇದನ್ನೇ ನೇರವಾಗಿ ಟೀಚರ್ ರೆಕಾರ್ಡಿನ ಮೇಲೆ ಇಟ್ಟಿದ್ದರೆ? ಕೆಳಗಿಳಿದು ಟೀ ಹೇಳಿದೆ. ಕುಡಿಯದೆ ಮೇಲೆ ಬಂದೆ.

ಉಳಿದ ದಾರಿ ಒಂದೇ: ಹಳೆಯ ಮಾದರಿಯಲ್ಲಿ ಈಗ ಹೊಸದಾಗಿ ತಯಾರಿಸುವ ಕಾರ್ಟ್ರಿಜ್. ವಿನ್ಯಾಸ ಅಂದಿನದು, ರಬ್ಬರು ಇಂದಿನದು. ತರಿಸಿದೆ. ಅದು ಬರುವವರೆಗೆ ಬೇರೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಟೀಚರ್ ಮಗ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಅಮ್ಮ ಇವತ್ತೂ ಮಾತಾಡ್ಲಿಲ್ಲ," ಎನ್ನುತ್ತಿದ್ದರು, ನಾನು ಕೇಳದಿದ್ದರೂ.

ಬಂದ ಕಾರ್ಟ್ರಿಜ್ ಕೈಗೆ ಇಟ್ಟುಕೊಂಡರೆ ಗೋಲಿಯಂತೆ ಭಾರ. ಇಂಥದ್ದಕ್ಕೆ ಹಗುರವಾದ ತೋಳು ಆಗುವುದಿಲ್ಲ. ಅದಕ್ಕೆಂದು ನನ್ನ ಸ್ವಂತ ಟರ್ನ್‌ಟೇಬಲನ್ನು, ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಹಳೆಯ ಡೆಕ್ಕನ್ನು, ಅಟ್ಟದಿಂದ ಕೆಳಗಿಳಿಸಿದೆ. ಭಾರಿ ತಟ್ಟೆ, ಭಾರಿ ತೋಳು. ಅದರ ಮೋಟಾರಿನ ಕಡ್ಡಿ ಮೇಣದಬತ್ತಿಯಂತೆ ಒಂದು ತುದಿಗೆ ಸಣ್ಣಗಾಗುತ್ತದೆ. ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರವನ್ನು ಪಕ್ಕದ ಲಿವರಿನಂಥ ಸನ್ನೆಯಿಂದ ಆ ಕಡ್ಡಿಯ ಮೇಲೆ ಹಿಂದೆ ಮುಂದೆ ಸರಿಸಿ ಯಾವ ವೇಗ ಬೇಕಾದರೂ ಹಿಡಿಯಬಹುದು. ಆದರೆ ತೋಳಿನ ಹಿಂತುದಿಯ ತೂಕವನ್ನು ಎಷ್ಟು ಹಿಂದಕ್ಕೆ ಎಳೆದರೂ ಮುಂದಿನ ಕಾರ್ಟ್ರಿಜ್ ಮೂಗು ಮುಗ್ಗರಿಸಿ ಬೀಳುತ್ತಿತ್ತು. ಸೀಸದ ಚೂರು ಕಟ್ಟಿದೆ, ಜಾರಿತು. ಅಂಟಿಸಿದೆ, ತೋಳು ಒಂದು ಕಡೆಗೆ ವಾಲಿತು.

ಅದೇ ಹೊತ್ತಿಗೆ ಮಗ ಅಂಗಡಿ ಮಧ್ಯಾಹ್ನ ಮುಚ್ಚಿ ಬಂದರು. ಸ್ವಲ್ಪ ಹೊತ್ತು ನನ್ನ ಪರದಾಟವನ್ನು ನೋಡಿ, "ಅಳತೆ ಕೊಡಿ ಮೇಡಂ," ಎಂದರು. ಜೇಬಿನಿಂದ ಟೇಪು ತೆಗೆದರು, ಅದು ಸಾಲದೆಂದು ನನ್ನ ಕ್ಯಾಲಿಪರ್ ಇಸಿದುಕೊಂಡರು. ಮರುದಿನ ಹಿತ್ತಾಳೆಯ ಒಂದು ದಪ್ಪ ನಟ್ಟನ್ನು ಒಳಗಡೆ ಕೊರೆಸಿ, ಅಂಚು ಉಜ್ಜಿಸಿ ತಂದರು. ತೋಳಿನ ಹಿಂದೆ ಬೆರಳಿಗೆ ಉಂಗುರ ಕೂತಂತೆ ಕೂತಿತು.

ಆದರೆ ಸೂಜಿಯ ಭಾರವನ್ನು ಪುಟ್ಟ ತಕ್ಕಡಿಯ ಮೇಲೆ ಅಳೆದಾಗ ಅವರ ಮುಖ ಕಪ್ಪಿಟ್ಟಿತು.

"ಮೂರೂವರೆ ಗ್ರಾಮಾ? ಆ ಸ್ಟುಡಿಯೋದವ್ರು ಎರಡೂ ಇಲ್ಲ ಅಂದಿದ್ರು. ಹಗುರ ಇದ್ದಷ್ಟೂ ಒಳ್ಳೇದಂತೆ. ಇರೋದೊಂದು ಪ್ಲೇಟು ಮೇಡಂ."

"ಟೈಲ್ಸ್‌ಗೆ ಡ್ರಿಲ್ ಹಾಕೋವಾಗ ಸರಿಯಾಗಿ ಒತ್ತದೇ ಇದ್ರೆ ಏನಾಗತ್ತೆ?"

ಆತ ಯೋಚಿಸಿದರು. "ಬಿಟ್ ಕುಣಿಯತ್ತೆ. ಗ್ಲೇಜ್ ಎದ್ದು ಹೋಗತ್ತೆ."

"ಇದೂ ಅಷ್ಟೆ. ಮೊನೆ ದಪ್ಪ ಇರೋದ್ರಿಂದ ಭಾರ ಹರಡಿಕೊಳ್ಳತ್ತೆ. ಕಮ್ಮಿ ಇಟ್ರೇನೇ ಸೂಜಿ ಕುಣಿದು ಗೋಡೆ ಕಿತ್ತುಹಾಕೋದು."

ಅವರೆದುರೇ ಹಾಳು ರೆಕಾರ್ಡಿನ ಮೇಲೆ ಮೂರು ಸಲ ಓಡಿಸಿ ದೀಪ ಓರೆ ಹಿಡಿದೆ. ಪುಡಿ ಇರಲಿಲ್ಲ. ಆಮೇಲಷ್ಟೇ ಉಳಿದ ಹೊಂದಾಣಿಕೆ: ಕಾರ್ಟ್ರಿಜ್ ತೋಳಿನ ತುದಿಯಲ್ಲಿ ಎಷ್ಟು ಮುಂದೆ ಕೂರಬೇಕೋ ಅಷ್ಟಕ್ಕೆ ತಿರುಪು ಸಡಿಲಿಸಿ ಕೂದಲೆಳೆಯಷ್ಟು ಸರಿಸುವುದು, ಗೆರೆ ಹಾಕಿದ ಕಾಗದದ ಮೇಲೆ ಸೂಜಿ ಇಳಿಸಿ ನೋಡುವುದು, ಮತ್ತೆ ಸರಿಸುವುದು. ಮುಂದಿನಿಂದ ಕನ್ನಡಿ ಇಟ್ಟು ಸೂಜಿ ನೆಟ್ಟಗೆ ನಿಂತಿದೆಯೇ ನೋಡುವುದು. ಹೊರಗೆ ರಸ್ತೆ ಅಗೆಯುತ್ತಿದ್ದರು. ಬಂಡೆ ಒಡೆಯುವ ಯಂತ್ರ ಶುರುವಾದಾಗಲೆಲ್ಲ ಕನ್ನಡಿಯಲ್ಲಿ ಸೂಜಿ ಜೋಡಿಯಾಗಿ ಕಾಣುತ್ತಿತ್ತು. ಕೆಳಗೆ ಹೋಗಿ ಅವರ ಮೇಲೆ ಕೂಗಾಡಿದೆ. "ನಾವೇನ್ ಮಾಡೋಣ ಅಕ್ಕಾ, ಕೆಲ್ಸ," ಎಂದರು. ಅದು ನಿಜವೇ. ಆ ನಡುಕದಲ್ಲಿ ಟೀಚರ್ ರೆಕಾರ್ಡಿನ ಮೇಲೆ ಸೂಜಿ ಇಳಿಸುವಂತಿರಲಿಲ್ಲ. ಡೆಕ್ಕನ್ನೇ ಆಟೋದಲ್ಲಿ ಮಡಿಲಿಗೆ ಹಾಕಿಕೊಂಡು ಪದ್ಮನಾಭನಗರದ ಅವರ ಮನೆಗೆ ಒಯ್ದೆ.

ಟೀಚರ್ ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ, ನೆಟ್ಟನೆಯ ಬೆನ್ನಿನ ಹೆಂಗಸು. ಕತ್ತಿಗೆ ತೆಳುವಾದ ಬಿಳಿ ಬಟ್ಟೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿಯ ಕಡೆ ಕೈ ತೋರಿಸಿದರು. ಹಜಾರದ ಗೋಡೆಯಲ್ಲಿ ಕಡಪ ಕಲ್ಲಿನ ಕಟ್ಟೆಯೊಂದಿತ್ತು. ಅದರ ಮೇಲಿದ್ದ ಬೊಂಬೆಗಳನ್ನು ತೆಗೆಸಿ ಡೆಕ್ಕನ್ನು ಇಟ್ಟೆ. ಮಟ್ಟ ನೋಡಿದೆ. ವೇಗ ಪರೀಕ್ಷಿಸುವ ಚುಕ್ಕೆಗಳ ಚಕ್ರವನ್ನು ತಟ್ಟೆಯ ಮೇಲಿಟ್ಟು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚುಕ್ಕೆಗಳು ಕದಲದೆ ನಿಲ್ಲುವವರೆಗೆ ಸನ್ನೆ ಸರಿಸಿದೆ. ನಲವತ್ತೈದು, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಲ್ಯಾಪ್‌ಟಾಪಿಗೆ ತಂತಿ ಕೊಟ್ಟೆ. ಸೂಜಿ ಇಳಿಸಿದೆ.

ಒಂದು ತೊಟ್ಟು ಮೌನ, ಆಮೇಲೆ ತಂಬೂರಿ, ಆಮೇಲೆ ಒಬ್ಬ ಹುಡುಗಿ: "ಕೇಳುವ ಬಂಧುಗಳಿಗೆಲ್ಲ ಶರಣು. ಇದು ನಮ್ಮಜ್ಜಿ ರಾಗಿ ಬೀಸುತ್ತ ಹೇಳಿಕೊಟ್ಟದ್ದು." ಸ್ಟುಡಿಯೋದ ಫೈಲಿನಲ್ಲಿ ಇಲ್ಲದ್ದೆಲ್ಲ ಅಲ್ಲಿತ್ತು. 'ಶ'ಕಾರದ ಸೀಳು, ಮಾತಿನ ಮೊದಲಿನ ಉಸಿರು, ತಂಬೂರಿ ತಂತಿಯ ಝೇಂಕಾರ. ಮಗ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು.

ಹಾಡು ಮುಗಿಯಿತು. ನಾನು ಟೀಚರ್ ಕಡೆ ನೋಡಿದೆ. ಅವರು ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಆಡಿಸಿದರು. ಎದ್ದು ಒಳಗೆ ಹೋದರು. ಕೋಣೆಯ ಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು.

"ನೆನಪಿರಲ್ಲ ಮೇಡಂ ಅವ್ರಿಗೆ. ಐವತ್ತು ವರ್ಷದ ಮೇಲಾಯ್ತು," ಎಂದರು ಮಗ, ನನ್ನನ್ನು ಸಮಾಧಾನ ಮಾಡುವಂತೆ. "ನಿಮ್ದೇನೂ ತಪ್ಪಿಲ್ಲ. ಆ ಫೈಲ್ ಕೊಡಿ, ಆಪಿಗೆ ಹಾಕ್ತೀನಿ. ನಿಧಾನಕ್ಕೆ ಒಗ್ಗಿಕೊಳ್ತಾರೆ."

"ಒಂದಿನ ತಡೀರಿ. ಒಂಚೂರು ಗುಂಯ್ ಅನ್ನೋ ಶಬ್ದ ಇದೆ, ತೆಗೆದು ಕೊಡ್ತೀನಿ," ಎಂದೆ. ಶಬ್ದ ಇದ್ದದ್ದು ನಿಜ. ಆದರೆ ಹಾಗೆ ಹೇಳಿದ್ದು ಅಲ್ಲಿಂದ ಬೇಗ ಹೊರಬೀಳಲು. ರೆಕಾರ್ಡನ್ನೂ ಡೆಕ್ಕನ್ನೂ ಅಲ್ಲೇ ಬಿಟ್ಟು, ಲ್ಯಾಪ್‌ಟಾಪ್ ಮಾತ್ರ ಎತ್ತಿಕೊಂಡು ನಡೆದೆ. ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಬನಶಂಕರಿವರೆಗೂ ನಡೆದು, ಅಲ್ಲಿಂದಲೂ ನಡೆದೆ. ಸಿಟ್ಟು ಬಂದಿತ್ತು. ಇನ್ನೇನು ಬೇಕಿತ್ತು ಆಕೆಗೆ? ಇದಕ್ಕಿಂತ ನಿಜವಾಗಿ ಆ ಗೀರಿನಿಂದ ದನಿ ತೆಗೆಯಲು ಈ ಊರಿನಲ್ಲಿ ಯಾರಿಗೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಮರುಕ್ಷಣವೇ, ಆಕೆಗೆ ನೆನಪಿಲ್ಲವೆಂದು ಮಗ ಹೇಳಿದ್ದನ್ನು ನಾನೂ ನಂಬಲು ಶುರುಮಾಡಿದ್ದು ತಿಳಿದು ಇನ್ನಷ್ಟು ಕಸಿವಿಸಿಯಾಯಿತು.

ಮರುದಿನ ಬೆಳಿಗ್ಗೆ ಗುಂಯ್ ಶಬ್ದದ ಮೇಲೆ ಕೂತೆ. ಇಂಥ ಶಬ್ದ ಕರೆಂಟಿನದು. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಎಲ್ಲೋ ಅರ್ತಿಂಗ್ ಸರಿಯಿಲ್ಲದಿದ್ದರೆ ಆ ಮಿಡಿತ ದನಿಯಲ್ಲಿ ಸೇರಿಕೊಳ್ಳುತ್ತದೆ. ಐವತ್ತಕ್ಕೆ ಫಿಲ್ಟರ್ ಹಾಕಿದೆ. ಶಬ್ದ ಹೋಗಲಿಲ್ಲ. ಮತ್ತೆ ಹಾಕಿದೆ. ಹೋಗಲಿಲ್ಲ. ಸಹನೆ ಕೆಟ್ಟು, ದನಿಯನ್ನು ಬಿಡಿಸಿ ತೋರಿಸುವ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿದೆ.

ಅಲ್ಲಿ ಒಂದಲ್ಲ, ಎರಡು ಗೆರೆಗಳಿದ್ದವು. ಒಂದು ಐವತ್ತರ ಮೇಲೆ, ಮಂಕಾಗಿ, ಮೊದಲಿಂದ ಕೊನೆಯವರೆಗೂ. ಅದು ನನ್ನ ತಂತಿಗಳದ್ದು. ಇನ್ನೊಂದು ಐವತ್ತಮೂರರ ಮೇಲೆ, ದಪ್ಪಗೆ. ಅದು ಸೂಜಿ ಇಳಿದ ಕೂಡಲೇ ಇರಲಿಲ್ಲ. ರೆಕಾರ್ಡಿನ ಅಂಚಿನ ಖಾಲಿ ಗೀರು ಮುಗಿದು, ತಂಬೂರಿ ಕೇಳಿಸುವ ತುಸು ಮುಂಚೆ ಶುರುವಾಗಿ, ಹಾಡು ನಿಂತಲ್ಲಿಗೆ ನಿಲ್ಲುತ್ತಿತ್ತು. ಎಂದರೆ ಅದು ಗೀರಿನೊಳಗೇ ಇರುವ ಶಬ್ದ. ಮದ್ರಾಸಿನ ಆ ಸ್ಟುಡಿಯೋದ ಕರೆಂಟು, ಹಾಡಿನ ಜೊತೆ ಟೇಪಿಗೆ ಇಳಿದು, ಟೇಪಿನಿಂದ ರೆಕಾರ್ಡಿಗೆ ಬಂದದ್ದು. ಇಲ್ಲಿನ ಸ್ಟುಡಿಯೋದವರು ಬಳಸಿದ ಸೂಜಿಯ ಗದ್ದಲದಲ್ಲಿ ಅದು ಮುಳುಗಿ ಹೋಗಿರಬೇಕು.

ಮದ್ರಾಸಿನಲ್ಲೂ ಕರೆಂಟು ಐವತ್ತೇ ತಾನೇ? ಮತ್ತೆ ಐವತ್ತಮೂರು ಎಲ್ಲಿಂದ ಬಂತು?

ಟೇಪು ವೇಗವಾಗಿ ಓಡಿದರೆ ಅದರಲ್ಲಿರುವ ಶಬ್ದವೆಲ್ಲ ಒಂದೇ ಪ್ರಮಾಣದಲ್ಲಿ ಮೇಲೇರುತ್ತದೆ. ಟೇಪಿನಿಂದ ರೆಕಾರ್ಡು ಕೊರೆಯುವಾಗ ಟೇಪನ್ನು ವೇಗವಾಗಿ ಓಡಿಸಿದ್ದಾರೆ. ತಪ್ಪಿಯೋ, ಬೇಕೆಂದೋ. ನಾನು ಚುಕ್ಕೆ ಎಣಿಸಿ, ನಲವತ್ತೈದಕ್ಕೆ ಕರಾರುವಾಕ್ಕಾಗಿ ನಿಲ್ಲಿಸಿ, ಒಂದು ಸುಳ್ಳನ್ನು ಅತ್ಯಂತ ನಿಖರವಾಗಿ ನುಡಿಸಿದ್ದೆ.

ಮಗನಿಗೆ ಫೋನ್ ಮಾಡಿದೆ. "ಅಮ್ಮನ್ನ ಒಂದು ಮಾತು ಕೇಳಿ. ಆಗ ಅವ್ರು ಎಷ್ಟು ಶ್ರುತಿಗೆ ಹಾಡ್ತಿದ್ರು ಅಂತ."

"ಈಗಾ? ಬಾಗ್ಲೇ ತೆಗೀತಿಲ್ಲ ಮೇಡಂ."

"ಬಾಗ್ಲ ಹೊರಗಿಂದಾನೇ ಕೇಳಿ."

ಫೋನು ಹಿಡಿದುಕೊಂಡೇ ಹೋದರು. ಬಾಗಿಲು ತಟ್ಟಿದ ಸದ್ದು, ಅವರು ಪ್ರಶ್ನೆ ಕೇಳಿದ ಸದ್ದು. ಆಮೇಲೆ ಚಿಲಕ ತೆಗೆದದ್ದು. ಆಮೇಲೆ, ಮೊದಲ ಬಾರಿಗೆ, ನಾನು ಆ ಜೀರುಂಡೆಯ ದನಿಯನ್ನು ಕೇಳಿದೆ.

"ನಾಲ್ಕೂವರೆ."

ರೆಕಾರ್ಡಿನಲ್ಲಿದ್ದದ್ದು ಐದು. ತಂಬೂರಿಯ ಷಡ್ಜವನ್ನು ಆಗಲೇ ಅಳೆದಿದ್ದೆ. ಆಧಾರ ಸ್ವರವೇ ಅರ್ಧ ಶ್ರುತಿ ಮೇಲೆ; ಐವತ್ತಕ್ಕೂ ಐವತ್ತಮೂರಕ್ಕೂ ಇರುವ ವ್ಯತ್ಯಾಸವೂ ಹೆಚ್ಚು ಕಡಿಮೆ ಅಷ್ಟೇ.

ಲ್ಯಾಪ್‌ಟಾಪಿನಲ್ಲೇ ಒಂದು ಗುಂಡಿ ಒತ್ತಿ ದನಿಯನ್ನು ಇಳಿಸಬಹುದಿತ್ತು. ಒಂದು ನಿಮಿಷದ ಕೆಲಸ. ಕೈ ಹೋಯಿತು, ಹಿಂದೆ ತೆಗೆದೆ. ಆ ಕಾಲದ ಕರೆಂಟು ಸರಿಯಾಗಿ ಐವತ್ತಕ್ಕೇ ಮಿಡಿಯುತ್ತಿತ್ತು ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಗುಂಯ್ ಶಬ್ದ ದಿಕ್ಕು ತೋರಿಸೀತು, ಊರು ಮುಟ್ಟಿಸದು. ಇನ್ನೊಂದು ಫೈಲು ಒಯ್ದು, ಇದು ನೀವೇ ಎಂದು ನಾನು ಆಕೆಗೆ ಹೇಳುವುದೇ? ಆಕೆಗೆ ಎಲ್ಲರೂ ಅದನ್ನೇ ಹೇಳಿದ್ದರು. ನಾನು ಚುಕ್ಕೆಯ ಚಕ್ರವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಬಿಟ್ಟು ಹೊರಟೆ. ಈ ವೃತ್ತಿಗೆ ಬಂದ ಮೇಲೆ ಅದಿಲ್ಲದೆ ಯಾರ ಮನೆಗೂ ಹೋಗಿರಲಿಲ್ಲ.

ಟೀಚರ್ ಹಜಾರದಲ್ಲೇ ಕೂತಿದ್ದರು. ಮಡಿಲಲ್ಲಿ ಆ ಯಂತ್ರ. ಮಗ ಸ್ಟೂಲಿನ ಮೇಲೆ ಶ್ರುತಿಪೆಟ್ಟಿಗೆ ಇಟ್ಟಿದ್ದರು. ನಾನು ಕಂಡುಹಿಡಿದದ್ದನ್ನು ಸಾಧ್ಯವಾದಷ್ಟು ಸರಳವಾಗಿ ಹೇಳಿದೆ: "ಟೀಚರ್, ನೀವು ಹಾಡಿದ್ದು ಸರಿಯಾಗೇ ಇದೆ. ಪ್ಲೇಟು ಮಾಡೋವಾಗ ಟೇಪು ಜೋರಾಗಿ ಓಡಿಸಿದಾರೆ. ದನಿ ಎಳಸಾಗಿ, ತೆಳುವಾಗಿ ಹೋಗಿದೆ."

ಅವರು ನನ್ನನ್ನೇ ನೋಡುತ್ತಿದ್ದರು. ಯಂತ್ರ ಕತ್ತಿಗೇರಿತು.

"ಎಲ್ಲಾ ಪ್ಲೇಟೂ ಹಂಗೇನಾ?"

"ನಿಮ್ದು ಒತ್ತಿದ್ದೆಲ್ಲಾ ಹಂಗೇ ಇರ್ಬೇಕು."

"ಮೂರು ಮನೇಲಿ ಕೇಳಿದೆ ಆಗ. ಎಲ್ಲಾ ಕಡೆ ಹಂಗೇ." ಒಂದೊಂದು ಪದಕ್ಕೂ ನಿಲ್ಲುತ್ತಿದ್ದರು. "ಮೈಕು ಸುಳ್ಳು ಹೇಳಲ್ಲ ಅಂದ್ಕೊಂಡೆ. ನನ್ನ ದನೀನೇ ಇಷ್ಟು ಅಂದ್ಕೊಂಡೆ. ಕಚೇರಿ ಬಿಟ್ಟೆ."

ಮಗ ತಾಯಿಯ ಕಡೆ ತಿರುಗಿದರು. ತಾಯಿ ಕಚೇರಿ ಹಾಡುತ್ತಿದ್ದರು, ಅದನ್ನು ಬಿಟ್ಟರು ಎಂಬುದೇ ಅವರಿಗೆ ಗೊತ್ತಿರಲಿಲ್ಲವೆಂದು ಮುಖ ಹೇಳುತ್ತಿತ್ತು.

ಶ್ರುತಿಪೆಟ್ಟಿಗೆಯನ್ನು ನಾಲ್ಕೂವರೆಗೆ ಇಟ್ಟೆವು. ಟೀಚರನ್ನು ಕುರ್ಚಿಯ ಸಮೇತ ಡೆಕ್ಕಿನ ಪಕ್ಕಕ್ಕೆ ಸರಿಸಿ, ವೇಗದ ಸನ್ನೆಯ ಮೇಲೆ ಅವರ ಬೆರಳನ್ನು ಇಡಿಸಿದೆ. "ಈ ಕಡೆ ತಂದ್ರೆ ನಿಧಾನ, ಆ ಕಡೆ ಜೋರು. ನಿಮಗೆ ಎಲ್ಲಿ ಸರಿ ಅನ್ಸತ್ತೋ ಅಲ್ಲಿ ನಿಲ್ಸಿ. ನಾನು ಮುಟ್ಟಲ್ಲ."

ಸೂಜಿ ಇಳಿಸಿ ಕೈ ಕಟ್ಟಿಕೊಂಡೆ. ಕೈ ಕಟ್ಟಿಕೊಳ್ಳದಿದ್ದರೆ ಅದು ತಾನಾಗಿ ಆ ಸನ್ನೆಗೆ ಹೋಗುತ್ತಿತ್ತು.

ಹುಡುಗಿಯ ದನಿ ಶುರುವಾಯಿತು. ಟೀಚರ್ ಬೆರಳು ಒಮ್ಮೆಲೇ ಜಾಸ್ತಿ ಎಳೆಯಿತು. ದನಿ ನಿದ್ದೆಗಣ್ಣಿನ ಗಂಡಸಿನದಾಯಿತು. ಮಗ ಗಾಬರಿಯಾದರು. ಟೀಚರ್ ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳನ್ನು ಮೆಲ್ಲಗೆ ಹಿಂದಕ್ಕೆ ತಂದರು. ರೆಕಾರ್ಡಿನ ತಂಬೂರಿ ಪೆಟ್ಟಿಗೆಯ ಶ್ರುತಿಯ ಹತ್ತಿರ ಬರುತ್ತಿದ್ದಂತೆ ಎರಡರ ನಡುವೆ ಅಲೆ ಎದ್ದಿತು, ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಇನ್ನೇನು ನಿಲ್ಲಬೇಕು ಎನ್ನುವಾಗ ಅವರು ತಲೆಯಾಡಿಸಿ, ಉಸಿರಿನಷ್ಟು ಇನ್ನೂ ಸರಿಸಿದರು. ಅಲೆ ಇಲ್ಲವಾಯಿತು.

ಹಾಡುತ್ತಿದ್ದದ್ದು ಹುಡುಗಿಯಲ್ಲ. ಗಟ್ಟಿಯಾದ, ಕೆಳಸ್ಥಾಯಿಯಲ್ಲಿ ತುಸು ಒರಟು ಅಂಚಿನ, ಯಾರ ಮುಲಾಜೂ ಇಲ್ಲದ ಒಬ್ಬ ಹೆಂಗಸು. ಪಕ್ಕವಾದ್ಯದ ಪಿಟೀಲು ಕೂಡ ಮೊದಲ ಸಲ ಮರದ ವಾದ್ಯದಂತೆ ಕೇಳಿಸಿತು.

"ಅಮ್ಮಾ," ಎಂದರು ಮಗ. "ಇದೇ. ಸ್ಕೂಲಿಗೆ ಹೊತ್ತಾಯ್ತು ಏಳೋ ಅಂತ ಕೂಗ್ತಿದ್ಯಲ್ಲ, ಇದೇ ದನಿ. ನಂಗೆ ಮರ್ತೇಹೋಗಿತ್ತು." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

ಹಾಡು ಮುಗಿದಾಗ ಸೂಜಿ ಎತ್ತಿದೆ. ಲ್ಯಾಪ್‌ಟಾಪಿಗೆ ಎಲ್ಲವೂ ಇಳಿದಿತ್ತು. ಮಗ ಫೋನು ತೆಗೆದರು. "ಮೇಡಂ, ಇದನ್ನ ಹಂಗೇ ಕಳಿಸ್ಬಿಡಿ. ಈಗ ಆಪಿಗೆ ಹಾಕಿದ್ರೆ ಸರಿಯಾಗಿ..."

"ಬೇಡ."

ಇಬ್ಬರೂ ತಿರುಗಿದೆವು.

"ಯಾಕಮ್ಮಾ? ಈಗ ನೀನೇ ತಾನೇ ಅದು? ಇದಕ್ಕೇ ಅಲ್ವಾ ಇಷ್ಟು ದಿನ ಒದ್ದಾಡಿದ್ದು?"

ಟೀಚರ್ ಯಂತ್ರವನ್ನು ಕತ್ತಿಗೆ ಒತ್ತಿಕೊಂಡು ಬಹಳ ಸಾವಧಾನವಾಗಿ, ಪಾಠ ಹೇಳುವವರಂತೆ ಹೇಳಿದರು: "ಇವಳು ಹಾಡೋಳು. ಇವಳ ಕೈಲಿ ತರಕಾರಿ ರೇಟು ಕೇಳಿಸ್ಬೇಡ. ಅದಕ್ಕೆ ಇದು ಸಾಕು." ಇದು ಎನ್ನುವಾಗ ಯಂತ್ರವನ್ನು ಬೆರಳಿನಿಂದ ತಟ್ಟಿದರು. "ನಿನ್ನ ಬೈಯೋಕೂ ಇದೇ ಸಾಕು."

ಮಗ ನಗಲು ಹೋದರು, ಆಗಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡರು. ಅವರಿಗೆ ನೋವಾಗಿತ್ತು. ಆ ಫೋನಿನಿಂದ ತಾಯಿ ತನ್ನನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಬೇಕೆಂದು ಆತ ಆಸೆಪಟ್ಟಿದ್ದರೆಂದು ನನಗೆ ಆಗ ಹೊಳೆಯಿತು. ಟೀಚರಿಗೂ ಹೊಳೆದಿರಬೇಕು. ಕೈ ಚಾಚಿ ಮಗನ ಮೊಣಕೈ ಹಿಡಿದು ಎಳೆದು ಪಕ್ಕದಲ್ಲಿ ನೆಲದ ಮೇಲೆ ಕೂರಿಸಿಕೊಂಡರು.

ನಾನು ಅಭ್ಯಾಸಬಲದಿಂದ ರೆಕಾರ್ಡನ್ನು ಲಕೋಟೆಗೆ ಹಾಕಲು ಎತ್ತಿಕೊಂಡೆ.

"ಇನ್ನೊಂದ್ಸಲ," ಎಂದರು ಟೀಚರ್.

"ಲ್ಯಾಪ್‌ಟಾಪಲ್ಲಿ ಹಾಕ್ಲಾ ಟೀಚರ್? ಪ್ರತಿ ಸಲ ಸೂಜಿ ಓಡಿದಾಗ್ಲೂ ಒಂಚೂರು ಸವೆಯತ್ತೆ. ಇರೋದು ಒಂದೇ."

"ಸವೀಲಿ ಬಿಡಮ್ಮ. ಇಷ್ಟು ವರ್ಷ ಇಟ್ಟು ಏನು ಕಂಡೆ? ಹಾಕು."

ನಾನು ಮಗನ ಕಡೆ ನೋಡಿದೆ. ಒಂದೇ ಕಾಪಿ ಎಂದು ಎದೆಗೊತ್ತಿ ಹಿಡಿದಿದ್ದವರು ಈಗ ನೆಲದ ಮೇಲೆ ಕೂತು, "ಹಾಕಿ ಮೇಡಂ," ಎಂದರು.

ಕುಂಚದಿಂದ ಸೂಜಿಯ ಮೊನೆಯನ್ನು ಒಮ್ಮೆ ಸವರಿದೆ. ರೆಕಾರ್ಡನ್ನು ತಟ್ಟೆಯ ಮೇಲಿಟ್ಟೆ. ಸನ್ನೆ ಅವರು ನಿಲ್ಲಿಸಿದಲ್ಲೇ ಇತ್ತು. ತೋಳನ್ನು ಎತ್ತಿ ಅಂಚಿನ ಮೇಲೆ ತಂದು ಬಿಟ್ಟೆ. ಖಾಲಿ ಗೀರಿನ ಸರಸರ, ಮದ್ರಾಸಿನ ಕರೆಂಟಿನ ಗುಂಯ್, ಆಮೇಲೆ ತಂಬೂರಿ. ಟೀಚರ್ ತೊಡೆಯ ಮೇಲೆ ತಾಳ ಹಾಕತೊಡಗಿದರು. ಪಲ್ಲವಿ ಬಂದಾಗ ಅವರ ತುಟಿಗಳು ಆಡುತ್ತಿದ್ದವು. ಯಂತ್ರ ಮಡಿಲಿನಲ್ಲಿತ್ತು, ಅದನ್ನು ಅವರು ಎತ್ತಿಕೊಳ್ಳಲಿಲ್ಲ.